ಗುಂಡಿ ಬಿಡಿ, ಕಲ್ಲಿನ ರಾಶಿ ನೋಡಿ: ಕರಾವಳಿಯವರಿಗೊಂದು ಪೆಗ್ಮಟೈಟ್ ಕೈಪಿಡಿ

ಹಳೆಯ ಅಭ್ರಕದ ಗಣಿ ನೋಡಲು ಹೋದವರು ಸಾಮಾನ್ಯವಾಗಿ ನೇರ ಗುಂಡಿಯ ಅಂಚಿಗೆ ಹೋಗುತ್ತಾರೆ. ಕೆಳಗೆ ಇಣುಕುತ್ತಾರೆ, ಒಂದು ಫೋಟೊ ತೆಗೆಯುತ್ತಾರೆ, ವಾಪಸ್ ಬರುತ್ತಾರೆ. ಗುಂಡಿಯಲ್ಲಿ ನೋಡಲು ಜಾಸ್ತಿ ಏನೂ ಇರುವುದಿಲ್ಲ. ಬೇಕಾದ್ದನ್ನು ಆಗಲೇ ತೆಗೆದು ಮಾರಿ ಆಗಿರುತ್ತದೆ, ಉಳಿದದ್ದು ಹಸಿರು ನೀರು. ನೋಡಬೇಕಾದ್ದು ಪಕ್ಕದಲ್ಲಿ ಗಿಡಗಂಟಿ ಬೆಳೆದು ಮುಚ್ಚಿಹೋದ ಕಲ್ಲಿನ ರಾಶಿಯನ್ನು. ಬೇಡ ಅಂತ ಎಸೆದ ಕಲ್ಲು ಅದು. ಅಭ್ರಕ ಸಿಗುವ ದಪ್ಪ ಕಾಳಿನ ಬಂಡೆಗೆ ಪೆಗ್ಮಟೈಟ್ ಅನ್ನುತ್ತಾರೆ. ಪೆಗ್ಮಟೈಟ್ ಗಣಿಗಳಲ್ಲಿ ಒಂದು ಕಾಲದವರು ಎಸೆದದ್ದನ್ನು ಇನ್ನೊಂದು ಕಾಲದವರು ಬಂದು ಹೆಕ್ಕಿದ್ದಾರೆ. ಹಾಗಾಗಿ ಗಣಿಯ ಚರಿತ್ರೆಯೂ ಖನಿಜವೂ ಎರಡೂ ಆ ರಾಶಿಯಲ್ಲೇ ಇವೆ.

ಮಂಗಳೂರು, ಉಡುಪಿಯ ಸುತ್ತ ಜಾರ್ಖಂಡಿನ ಕೊಡರ್ಮಾ ಅಥವಾ ಆಂಧ್ರದ ಗುಡೂರಿನಂಥ ದೊಡ್ಡ ಅಭ್ರಕದ ಗಣಿ ಇಲ್ಲ. ಆದರೂ ಪಾಠವನ್ನು ಊರಲ್ಲೇ ಶುರು ಮಾಡಬಹುದು. ಶುರು ಮಾಡಿಯೇ ಹೋಗಬೇಕು ಅಂತ ನನ್ನ ಅಭಿಪ್ರಾಯ. ಗುಡೂರಿನವರೆಗೆ ಹೋಗಿ ಬೆಣಚುಕಲ್ಲು ಯಾವುದು, ಫೆಲ್ಡ್‌ಸ್ಪಾರ್ ಯಾವುದು ಅಂತ ತಲೆ ಕೆರೆದುಕೊಂಡರೆ ರೈಲಿನ ದುಡ್ಡು ದಂಡ.

ಇದು ಎಂಥ ಕಲ್ಲು?

ನೆಲದಾಳದಲ್ಲಿ ಗ್ರಾನೈಟಿನ ಕಲ್ಲುರಸ ತಣ್ಣಗಾಗುವಾಗ ಸಾಧಾರಣ ಖನಿಜಗಳು ಮೊದಲು ಗಟ್ಟಿಯಾಗುತ್ತವೆ. ಅವುಗಳ ಹರಳಿನೊಳಗೆ ಜಾಗ ಸಿಗದ ಧಾತುಗಳು ಕೊನೆಗೆ ಉಳಿದ ರಸದಲ್ಲಿ ಸೇರಿಕೊಳ್ಳುತ್ತವೆ. ಲಿಥಿಯಂ, ಬೆರಿಲಿಯಂ, ಬೋರಾನ್, ಸೀಸಿಯಂ, ಟ್ಯಾಂಟಲಂ ಎಲ್ಲ ಈ ಗುಂಪಿನವು. ಆ ರಸದಲ್ಲಿ ನೀರೂ ಫ್ಲೋರಿನ್ನೂ ಜಾಸ್ತಿ. ಅದರಿಂದ ರಸ ತೆಳುವಾಗುತ್ತದೆ. ಹೊಸ ಹರಳು ಹುಟ್ಟುವುದು ಕಮ್ಮಿಯಾಗುತ್ತದೆ, ಹುಟ್ಟಿದ ಹರಳು ಬೆಳೆಯುತ್ತಲೇ ಹೋಗುತ್ತದೆ. ಈ ರಸ ಸುತ್ತಲಿನ ಬಂಡೆಯ ಬಿರುಕಿಗೆ ನುಗ್ಗಿ ಗಟ್ಟಿಯಾದರೆ ಅದೇ ಪೆಗ್ಮಟೈಟ್.

ಮುಕ್ಕಾಲು ಪಾಲು ಪೆಗ್ಮಟೈಟಿನಲ್ಲಿ ಕಾಣುವುದು ಗ್ರಾನೈಟಿನ ಅದೇ ಮೂರು ಖನಿಜ: ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಅಭ್ರಕ. ವ್ಯತ್ಯಾಸ ಗಾತ್ರದಲ್ಲಿ. ಗ್ರಾನೈಟಿನ ಕಾಳನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಇಲ್ಲಿ ಒಂದು ಸೆಂಟಿಮೀಟರಿನಿಂದ ಶುರುವಾಗಿ ಮೀಟರುಗಳವರೆಗೆ ಹೋಗುತ್ತದೆ. ಅಮೆರಿಕದ ದಕ್ಷಿಣ ಡಕೋಟದಲ್ಲಿ ಕೀಸ್ಟೋನ್ ಅನ್ನುವ ಊರಿನ ಹತ್ತಿರ ಎಟ್ಟಾ ಗಣಿ ಇದೆ. ಅಲ್ಲಿ ಸಿಕ್ಕಿದ ಸ್ಪಾಡ್ಯುಮೀನ್ ಎಂಬ ಖನಿಜದ ಒಂದೇ ಒಂದು ಹರಳು 42 ಅಡಿ ಉದ್ದ ಇತ್ತು ಎಂದು 1916ರಲ್ಲಿ ದಾಖಲಾಗಿದೆ. 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟ ಕೂಡ ಸುಮಾರು 42 ಅಡಿಯೇ. ಬೆಟ್ಟ ಹತ್ತಿ ಗೊಮ್ಮಟನ ಕಾಲಬುಡದಲ್ಲಿ ನಿಂತು ಮೇಲೆ ನೋಡಿ. ಅಷ್ಟು ಉದ್ದದ ಒಂದು ಹರಳು ನೆಲದೊಳಗೆ ತಾನಾಗಿ ಬೆಳೆದಿತ್ತು!

ಮೊದಲ ಹೆಜ್ಜೆ: ಮನೆಯೊಳಗೆ, ಅಂಗಳದಲ್ಲಿ

ಅಭ್ರಕದ ಪರಿಚಯಕ್ಕೆ ಹಳೆ ಇಸ್ತ್ರಿಪೆಟ್ಟಿಗೆ ಸಾಕು. ಕೆಟ್ಟುಹೋದ ಪೆಟ್ಟಿಗೆಯನ್ನು ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿದರೆ ಒಳಗೆ ತಂತಿ ಸುತ್ತಿದ ಚಪ್ಪಟೆ ಹಾಳೆ ಇರುತ್ತದೆ. ಆ ಹಾಳೆ ಅಭ್ರಕದ್ದು. ಕರೆಂಟನ್ನು ಹಾಯಲು ಬಿಡುವುದಿಲ್ಲ, ಬೆಂಕಿಗೆ ಸುಡುವುದಿಲ್ಲ. ಮೈಕ್ರೋವೇವ್ ಒಲೆಯ ಒಳಗೋಡೆಯಲ್ಲಿ ಕಾಣುವ ಕಂದು ಹಾಳೆಯೂ ಸಾಮಾನ್ಯವಾಗಿ ಅದೇ. ಇಡೀ ಒಂದು ಉದ್ಯಮ ಈ ಎರಡು ಗುಣದ ಮೇಲೆ ನಿಂತಿತ್ತು.

ಆಮೇಲೆ ಹೊಯಿಗೆ. ನೇತ್ರಾವತಿಯದ್ದೋ ಸ್ವರ್ಣಾ ನದಿಯದ್ದೋ ಒಂದು ಹಿಡಿ ಹೊಳೆ ಹೊಯಿಗೆಯನ್ನು ಬಿಸಿಲಿನಲ್ಲಿ ಬಿಳಿ ಕಾಗದದ ಮೇಲೆ ಹರಡಿ. ಮಿನುಗುವ ಚಪ್ಪಟೆ ಚೂರು ಅಭ್ರಕ. ಗಾಜಿನ ಹಾಗಿರುವ ಕಾಳು ಬೆಣಚುಕಲ್ಲು. ಮಾಸಲು ಬಿಳಿಯದ್ದೋ ತಿಳಿಗುಲಾಬಿಯದ್ದೋ ಫೆಲ್ಡ್‌ಸ್ಪಾರ್, ಆದರೆ ಅದು ಕಮ್ಮಿ ಇರುತ್ತದೆ. ಯಾಕೆ ಕಮ್ಮಿ? ನಮ್ಮ ಮಳೆಗೆ ಫೆಲ್ಡ್‌ಸ್ಪಾರ್ ತಡೆಯುವುದಿಲ್ಲ. ಕೊಳೆತು ಜೇಡಿಯಾಗುತ್ತದೆ. ಬೆಣಚುಕಲ್ಲು ಹಾಗೇ ಉಳಿಯುತ್ತದೆ.

ಕರಾವಳಿಯಲ್ಲಿ ಪೆಗ್ಮಟೈಟ್ ಹುಡುಕಬೇಕಾದರೆ ಈ ಒಂದು ಸಂಗತಿ ನೆನಪಿರಬೇಕು. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆ ಮೇಲೆ ಕೆಂಪುಕಲ್ಲು, ಅದರಡಿ ಬಿಳಿಯೋ ಹಳದಿಯೋ ನಸುಗೆಂಪೋ ಬಣ್ಣದ ಶೇಡಿ ಮಣ್ಣು ಕಾಣುತ್ತದೆ ಅಲ್ವಾ? ಎರಡೂ ಕೊಳೆತ ಬಂಡೆಯೇ. ಆ ಶೇಡಿಯ ನಡುವೆ ಕೆಲವೊಮ್ಮೆ ಅಚ್ಚ ಬಿಳಿಯ ಒಂದು ಪಟ್ಟೆ ಓರೆಯಾಗಿ ಮೇಲಕ್ಕೆ ಹೋಗಿರುತ್ತದೆ. ಹತ್ತಿರದಿಂದ ನೋಡಿದರೆ ಬಿಳಿ ಮಣ್ಣಿನೊಳಗೆ ಮುಷ್ಟಿ ಗಾತ್ರದ ಬೆಣಚುಕಲ್ಲು, ಜೊತೆಗೆ ಅಭ್ರಕದ ದಪ್ಪ ಚೂರುಗಳು. ಅದು ಕೊಳೆತ ಪೆಗ್ಮಟೈಟ್ ಆಗಿರಬಹುದು. ಅದರ ಫೆಲ್ಡ್‌ಸ್ಪಾರ್ ಎಲ್ಲ ಮಣ್ಣಾಗಿದೆ, ಹರಳುಗಳ ಜಾಗ ಮಾತ್ರ ಹಾಗೇ ಇದೆ. ಬೆಣಚುಕಲ್ಲು ಒಂದೇ ಇದ್ದು ಬಿಳಿ ಮಣ್ಣೂ ಅಭ್ರಕವೂ ಇಲ್ಲದಿದ್ದರೆ ಅದು ಬರೀ ಬೆಣಚಿನ ಎಳೆ.

ಒಂದು ಎಚ್ಚರಿಕೆ. ಶೇಡಿ ಮಣ್ಣು ಒಣಗಿದಾಗ ಗಟ್ಟಿ, ನೆನೆದರೆ ಬೆಣ್ಣೆ. ಗುಡ್ಡ ಜರಿಯುವುದು ಬಹಳ ಸಲ ಅದರಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿದ ಗುಡ್ಡದ ಬುಡಕ್ಕೆ ಹೋಗಲೇಬೇಡಿ. ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆ ಕಾಲ.

ಕೊಳೆಯದ ಕಲ್ಲು ನೋಡಬೇಕಾದರೆ ಪಾದೆಕಲ್ಲಿನ ಕೋರೆಯೇ ಆಗಬೇಕು. ಜಲ್ಲಿ ಹೊಡೆಯುವ ಕೋರೆಗಳಲ್ಲಿ ಬೂದು ಬಂಡೆಯ ಮೇಲೆ ದಪ್ಪ ಕಾಳಿನ ಬಿಳಿ ಅಥವಾ ಗುಲಾಬಿ ಎಳೆಗಳು ಹಾದುಹೋಗಿದ್ದರೆ ಅವನ್ನು ನೋಡಿ. ಒಳಗೆ ಹೋಗಿ ಸಾಹಸ ಬೇಡ ಮಾರಾಯ್ರೆ. ಸ್ಫೋಟ ಮಾಡುವ ಜಾಗ ಅದು. ಕೋರೆಯವರನ್ನು ಕೇಳಿ ಹೊರಗೆ ರಾಶಿ ಹಾಕಿದ ಕಲ್ಲನ್ನು ನೋಡಿದರೂ ಅಷ್ಟೇ ಪಾಠ ಸಿಗುತ್ತದೆ. ಅದೂ ಆಗದಿದ್ದರೆ ಗ್ರಾನೈಟ್ ಮಾರುವ ಅಂಗಡಿಗೆ ಹೋಗಿ. ಪಾಲಿಶ್ ಮಾಡಿದ ಹಲಗೆಗಳಲ್ಲಿ ದೊಡ್ಡ ಕಾಳಿನ ಪಟ್ಟೆ ಹಾದುಹೋದವು ಇರುತ್ತವೆ. ಗಿರಾಕಿಗಳು ಅದನ್ನು ದೋಷ ಅಂತ ಬಿಡುತ್ತಾರೆ. ನಮಗೆ ಅದೇ ಬೇಕು.

ಹೆಸರು ಬರೆದಿಟ್ಟ ಖನಿಜಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದರೆ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಇದೆ. 1913ರಲ್ಲಿ ಶುರುವಾದ ವಸ್ತುಸಂಗ್ರಹಾಲಯ ಅದು.

ಎರಡನೇ ಹೆಜ್ಜೆ: ಚೀಲದಲ್ಲಿ ಏನಿರಬೇಕು

ದುಬಾರಿ ಸಾಮಾನು ಏನೂ ಬೇಡ. ಒಂದು ಸ್ಟೀಲ್ ಚೂರಿ, ಒಂದು ಚೂರು ಗಾಜು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಅಯಸ್ಕಾಂತ, ಬಾತ್‌ರೂಮಿನ ಟೈಲ್‌ನ ಒಂದು ತುಂಡು. ಟೈಲ್‌ನ ನುಣುಪಾದ ಮುಖ ಬೇಡ, ಹಿಂದಿನ ಒರಟು ಬಿಳಿ ಮುಖ ಬೇಕು. ಅದರ ಮೇಲೆ ಕಲ್ಲನ್ನು ಉಜ್ಜಿದರೆ ಪುಡಿಯ ನಿಜವಾದ ಬಣ್ಣ ಬರುತ್ತದೆ. ನೋಟು ಪರೀಕ್ಷೆ ಮಾಡುವ ನೇರಳಾತೀತ ಟಾರ್ಚ್ ಇದ್ದರೆ ಇರಲಿ. ಸುತ್ತಿಗೆ ಬೇಕಾದವರು ಕಣ್ಣಿಗೆ ಕನ್ನಡಕವನ್ನೂ ಒಯ್ಯಿರಿ.

ಮನೆಯಲ್ಲಿ ಬೇಕಾದ್ದು ಅಡುಗೆಯ ಡಿಜಿಟಲ್ ತಕ್ಕಡಿ. ನನ್ನ ಮಟ್ಟಿಗೆ ಇದು ಉಳಿದೆಲ್ಲ ಸಾಮಾನಿಗಿಂತ ಮೇಲು. ಬಣ್ಣ ಮೋಸ ಮಾಡುತ್ತದೆ, ಹೊಳಪು ಮೋಸ ಮಾಡುತ್ತದೆ, ಸಾಂದ್ರತೆ ಮಾಡುವುದಿಲ್ಲ. ಕ್ರಮ ಹೀಗೆ. ಒಣಗಿದ ಕಲ್ಲನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ನೂಲು ಕಟ್ಟಿ ಪೂರ್ತಿ ಮುಳುಗುವ ಹಾಗೆ ನೀರಿನಲ್ಲಿ ಇಳಿಬಿಡಿ. ತಳಕ್ಕೆ, ಬದಿಗೆ ತಾಗಬಾರದು. ಕೈಯಲ್ಲಿ ನೂಲು ಹಿಡಿದೇ ಇರಿ. ಈಗ ತಕ್ಕಡಿ ಎಷ್ಟು ತೋರಿಸುತ್ತದೋ ಅದು ಕಲ್ಲು ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ.

ಒಂದು ಬಿಳಿ ಕಲ್ಲು ಒಣಗಿದಾಗ 212 ಗ್ರಾಂ, ನೀರಿನಲ್ಲಿ ತಕ್ಕಡಿ 80 ತೋರಿಸಿತು ಅಂದುಕೊಳ್ಳಿ. 212ನ್ನು 80ರಿಂದ ಭಾಗಿಸಿದರೆ 2.65. ಬೆಣಚುಕಲ್ಲು. ಇನ್ನೊಂದು ಬಿಳಿ ಕಲ್ಲು 186 ಗ್ರಾಂ, ನೀರಿನಲ್ಲಿ 60. ಭಾಗಿಸಿದರೆ 3.1. ಇದು ಬೆಣಚುಕಲ್ಲೂ ಅಲ್ಲ, 2.6ರ ಆಸುಪಾಸಿನ ಫೆಲ್ಡ್‌ಸ್ಪಾರೂ ಅಲ್ಲ. ಸ್ಪಾಡ್ಯುಮೀನ್ ಇರಬಹುದು, ಅಂದರೆ ಲಿಥಿಯಂನ ಅದಿರು. ಕಣ್ಣಿಗೆ ಎರಡೂ ಒಂದೇ ಥರ ಮಾಸಲು ಬಿಳಿ. ಕಲ್ಲಿಗೆ ಬೇರೆ ಕಲ್ಲು ಅಂಟಿಕೊಂಡಿರಬಾರದು, ಮೇಲ್ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಸಣ್ಣ ಚೂರಿಗೆ ಒಂದು ಗ್ರಾಂ ತಕ್ಕಡಿ ಸಾಲದು, ಕನಿಷ್ಠ ನಿಂಬೆಹಣ್ಣಿನ ಗಾತ್ರ ಬೇಕು.

ಮೂರನೇ ಹೆಜ್ಜೆ: ರಾಶಿಯಲ್ಲಿ ಕಾಣುವ ಖನಿಜಗಳು

ಅಭ್ರಕ ಕಲಿಸದೆಯೂ ಗೊತ್ತಾಗುತ್ತದೆ. ಹಳೆ ಪಂಚಾಂಗದ ಹಾಳೆಗಳ ಹಾಗೆ ಪದರು ಪದರಾಗಿ ಏಳುತ್ತದೆ, ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಬಿಳಿ ಅಭ್ರಕ ಮಸ್ಕೊವೈಟ್, ಕಪ್ಪು ಅಭ್ರಕ ಬಯೊಟೈಟ್. ಕೊಡರ್ಮಾದ್ದು ನಸುಗೆಂಪು, ವ್ಯಾಪಾರದಲ್ಲಿ ರೂಬಿ ಅನ್ನುತ್ತಾರೆ. ಗುಡೂರಿನದ್ದು ಹಸಿರು ಛಾಯೆ. ಕಪ್ಪು ಅಭ್ರಕ ಮಳೆಗೆ ಕೊಳೆತರೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಕಾಗೆ ಬಂಗಾರ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ತೋಟದ ತೋಡಿನಲ್ಲಿ ಚಿನ್ನ ಸಿಕ್ಕಿತು ಅಂತ ಯಾರಾದರೂ ಬಂದರೆ ಉಗುರಲ್ಲಿ ಒತ್ತಲು ಹೇಳಿ. ಅಭ್ರಕ ಹಾಳೆಯಾಗಿ ಪುಡಿಯಾಗುತ್ತದೆ, ಚಿನ್ನ ಚಪ್ಪಟೆಯಾಗುತ್ತದೆ.

ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲನ್ನು ಬಿಸಿಲಲ್ಲಿ ಬೇರೆ ಮಾಡಿ. ಕಲ್ಲನ್ನು ಹಿಡಿದು ಮೆಲ್ಲ ತಿರುಗಿಸಿ. ಫೆಲ್ಡ್‌ಸ್ಪಾರ್ ಆದರೆ ಒಡೆದ ಮುಖ ಸಪಾಟಾಗಿರುತ್ತದೆ, ಯಾವುದೋ ಒಂದು ಕೋನಕ್ಕೆ ಬಂದಾಗ ಇಡೀ ಮುಖ ಫಳ್ಳನೆ ಹೊಳೆದು ಆರುತ್ತದೆ. ಪಕ್ಕದಲ್ಲಿ ಅದಕ್ಕೆ ಸುಮಾರು 90 ಡಿಗ್ರಿಯಲ್ಲಿ ಇನ್ನೊಂದು ಸಪಾಟು ಮುಖ ಇರುತ್ತದೆ. ಬೆಣಚುಕಲ್ಲಿಗೆ ಸಪಾಟು ಇಲ್ಲ. ಒಡೆದ ಗಾಜಿನ ಹಾಗೆ ಬಾಗಿದ ಮುಖ. ಎರಡೂ ಗಾಜನ್ನು ಗೀರುತ್ತವೆ. ಬೆಣಚುಕಲ್ಲು ಫೆಲ್ಡ್‌ಸ್ಪಾರನ್ನೂ ಗೀರುತ್ತದೆ. ಕೆಲವು ತುಂಡುಗಳಲ್ಲಿ ಫೆಲ್ಡ್‌ಸ್ಪಾರಿನ ಮೇಲೆ ಬೆಣಚುಕಲ್ಲಿನ ಮುರಿದ ಗೆರೆಗಳು ಹಳೆ ಶಾಸನದ ಅಕ್ಷರದಂತೆ ಸಾಲಾಗಿ ಮೂಡಿರುತ್ತವೆ. ಎರಡು ಖನಿಜ ಒಟ್ಟೊಟ್ಟಿಗೆ ಬೆಳೆದ ಗುರುತು ಅದು. ಇಂಥ ತುಂಡು ಸಿಕ್ಕಿತೆಂದರೆ ಪೆಗ್ಮಟೈಟ್ ಅನ್ನುವುದರಲ್ಲಿ ಸಂಶಯ ಬೇಡ.

ಕಪ್ಪು ಕಡ್ಡಿಗಳು ಕಂಡರೆ ಟೂರ್ಮಲೀನ್. ಉದ್ದಕ್ಕೂ ಸಣ್ಣ ಗೀರುಗಳಿರುತ್ತವೆ. ಅಡ್ಡಕ್ಕೆ ಮುರಿದ ಜಾಗ ನೋಡಿದರೆ ಉಬ್ಬಿದ ಬದಿಗಳ ತ್ರಿಕೋನ. ಬಹಳ ಜನ ಇದನ್ನು ಕಲ್ಲಿದ್ದಲು ಅಂದುಕೊಳ್ಳುತ್ತಾರೆ. ಕಲ್ಲಿದ್ದಲು ಗಾಜನ್ನು ಗೀರುವುದಿಲ್ಲ, ಇದು ಗೀರುತ್ತದೆ.

ಗಾರ್ನೆಟ್ ಉಂಡೆಯಾಗಿ, ಕೆಂಗಂದು ಬಣ್ಣದಲ್ಲಿ ಕೂತಿರುತ್ತದೆ. ನಮ್ಮ ಜಿಲ್ಲೆಯವರಿಗೆ ಕೆಂಪು ಕಲ್ಲು ಅಂದ ತಕ್ಷಣ ಸುಳ್ಯ–ಕೊಡಗು ಗಡಿಯ ಕೂಜಿಮಲೆಯ ಹರಳುಕಲ್ಲಿನ ಸುದ್ದಿ ನೆನಪಾಗಬಹುದು. ಕಾಡಿನೊಳಗಿನ ಆ ಅಕ್ರಮ ದಂಧೆಯ ಹತ್ತಿರ ಸುಳಿಯಬೇಡಿ. ಆದರೆ ಕುರುಂದ (ಮಾಣಿಕ್ಯ ಇದರ ಜಾತಿಯೇ), ಗಾರ್ನೆಟ್ ಎರಡನ್ನೂ ಬೇರೆ ಮಾಡುವುದು ಕಲಿತಿರಿ. ಕುರುಂದ ಬೆಣಚುಕಲ್ಲನ್ನು ಸಲೀಸಾಗಿ ಗೀರುತ್ತದೆ, ಗಾರ್ನೆಟ್ ಕಷ್ಟಪಟ್ಟು ಗೀರುತ್ತದೆ ಅಥವಾ ಗೀರುವುದೇ ಇಲ್ಲ. ಇನ್ನೊಂದು ಸುಳಿವು ಬಂಡೆಯಲ್ಲೇ ಇದೆ. ಕುರುಂದ ಬೆಣಚುಕಲ್ಲಿನ ಜೊತೆ ಬೆಳೆಯುವುದಿಲ್ಲ. ಬೆಣಚುಕಲ್ಲಿನ ಸಿಲಿಕಾ ಸಿಕ್ಕರೆ ಕುರುಂದದ ಅಲ್ಯುಮಿನಿಯಂ ಅದರ ಜೊತೆ ಸೇರಿ ಬೇರೆ ಖನಿಜವಾಗಿಬಿಡುತ್ತದೆ. ಹಾಗಾಗಿ ಬೆಣಚುಕಲ್ಲಿನಲ್ಲಿ ಕೂತ ಕೆಂಪು ಹರಳನ್ನು ಯಾರಾದರೂ ಮಾಣಿಕ್ಯ ಅಂತ ಮಾರಲು ಬಂದರೆ ನಗುತ್ತಾ ಕಳಿಸಿ.

ಬೆರಿಲ್ ಇದ್ದರೆ ಬೆಣಚುಕಲ್ಲಿನ ಅಂಚಿನಲ್ಲಿ ಹುಡುಕಿ. ಆರು ಬದಿಯ ಕಂಬ, ಮಾಸಲು ಹಸಿರು ಅಥವಾ ನೀಲಿ ಕಲೆತ ಬಿಳಿ. ಪಚ್ಚೆ ಇದರ ಜಾತಿಯೇ, ಆದರೆ ಗಣಿಯ ಬೆರಿಲ್ ನೋಡಿದರೆ ಪಚ್ಚೆಯ ಬಳಗ ಅನ್ನಿಸುವುದಿಲ್ಲ. ಅಪಟೈಟ್ ಎಂಬ ಬೇರೆ ಖನಿಜಕ್ಕೂ ಆರು ಬದಿ, ಹಸಿರು ಬಣ್ಣ. ಚೂರಿಯಲ್ಲಿ ಗೀರಿ ನೋಡಿ: ಅಪಟೈಟ್ ಮೇಲೆ ಗೀರು ಬೀಳುತ್ತದೆ, ಬೆರಿಲ್ ಚೂರಿಯ ಮೊನೆಯನ್ನೇ ಸವೆಸುತ್ತದೆ. ಬೆರಿಲ್ಲನ್ನು ಪುಡಿ ಮಾಡಬೇಡಿ, ಅರೆಯಬೇಡಿ. ಬೆರಿಲಿಯಂ ಸೇರಿದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಲಿಥಿಯಂನ ಖನಿಜಗಳಲ್ಲಿ ಎರಡು ಗೊತ್ತಿದ್ದರೆ ಸಾಕು. ಲೆಪಿಡೊಲೈಟ್ ತಿಳಿನೇರಳೆ ಅಭ್ರಕ, ಸಣ್ಣ ಸಣ್ಣ ಚಕ್ಕೆಗಳ ಗೊಂಚಲು. ಸ್ಪಾಡ್ಯುಮೀನ್ ಉದ್ದುದ್ದ ಸಿಬರಾಗಿ ಒಡೆಯುತ್ತದೆ. ಸಂಶಯ ಬಂದರೆ ತಕ್ಕಡಿ ಇದೆಯಲ್ಲ.

ಭಾರದ ಕಪ್ಪು ಕಲ್ಲುಗಳಲ್ಲಿ ತುಸು ನಿಧಾನ. ಕೈಗೆತ್ತಿಕೊಂಡರೆ ಗಾತ್ರಕ್ಕಿಂತ ಜಾಸ್ತಿ ತೂಕ ಅನ್ನಿಸಿದರೆ ನಯೋಬಿಯಂ, ಟ್ಯಾಂಟಲಂ ಲೋಹಗಳ ಅದಿರು ಕೊಲಂಬೈಟ್–ಟ್ಯಾಂಟಲೈಟ್ ಇರಬಹುದು. ಸಾಂದ್ರತೆ 5ರಿಂದ 8ರವರೆಗೆ, ಟೈಲಿನ ಮೇಲೆ ಕಡುಕಂದು ಅಥವಾ ಕಪ್ಪು ಗೆರೆ. ತವರದ ಅದಿರು ಕ್ಯಾಸಿಟರೈಟ್ ಕೂಡ 7ರ ಹತ್ತಿರ, ಆದರೆ ಗೆರೆ ಬಹುತೇಕ ಬಿಳಿ. ಕಬ್ಬಿಣದ ಅದಿರು ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಹಾರಿ ಅಂಟಿಕೊಳ್ಳುತ್ತದೆ. ಕರಾವಳಿಯಲ್ಲಿ ಕೆಂಪುಕಲ್ಲಿನ ಕಬ್ಬಿಣದ ಗಂಟುಗಳೂ ಕಪ್ಪಗೆ ಭಾರವಾಗಿರುತ್ತವೆ. ಟೈಲಿಗೆ ಉಜ್ಜಿದರೆ ಕಾವಿ ಕೆಂಪು ಅಥವಾ ಹಳದಿಗಂದು ಬರುತ್ತದೆ, ಅಲ್ಲಿಗೆ ಕನಸು ಮುಗಿಯಿತು.

ಒಂದು ಕಪ್ಪು ಹರಳಿನ ಸುತ್ತ ಮಾತ್ರ ಫೆಲ್ಡ್‌ಸ್ಪಾರ್ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಹರಳಿನಿಂದ ಹೊರಕ್ಕೆ ಬಿರುಕುಗಳು ಹರಡಿದ್ದರೆ ಅದು ಯುರೇನಿಯಂ ಅಥವಾ ಥೋರಿಯಂ ಸೇರಿದ ಖನಿಜ ಇರಬಹುದು. ಕೋಟ್ಯಂತರ ವರ್ಷ ಹೊರಟ ವಿಕಿರಣ ಪಕ್ಕದ ಕಲ್ಲನ್ನು ಹಾಳು ಮಾಡಿರುತ್ತದೆ. ಹಳದಿ ಹಸಿರು ಹುಡಿ ಅಂಟಿದ್ದು, ನೇರಳಾತೀತ ಬೆಳಕಿಗೆ ಹಸಿರಾಗಿ ಉರಿದರೆ ಯುರೇನಿಯಂನ ಖನಿಜ ಆಟುನೈಟ್. ಇವನ್ನು ಮುಟ್ಟದೆ ಬಿಡಿ. ಫೋಟೊ ಸಾಕು.

ನಾಲ್ಕನೇ ಹೆಜ್ಜೆ: ರಾಶಿಯ ವಯಸ್ಸು ಓದುವುದು

ಎಟ್ಟಾ ಗಣಿಯ ಕತೆಯನ್ನೇ ತೆಗೆದುಕೊಳ್ಳಿ. 1880ರ ದಶಕದಲ್ಲಿ ಅದನ್ನು ತೆರೆದದ್ದು ಅಭ್ರಕಕ್ಕೆ. ಅಗೆಯುವಾಗ ತವರದ ಅದಿರು ಕಂಡಿತು. ಇಂಗ್ಲೆಂಡಿನ ಹಣ ಹರಿದುಬಂತು, ತವರ ಮಾತ್ರ ಬೇಕಾದಷ್ಟು ಬರಲಿಲ್ಲ, ಕಂಪನಿ ಮುಳುಗಿತು. ಆ ಅಡ್ಡಾದಿಡ್ಡಿ ಬಿದ್ದಿದ್ದ ದೈತ್ಯ ಸ್ಪಾಡ್ಯುಮೀನ್ ಹರಳುಗಳು ಅಲ್ಲಿಯವರೆಗೆ ದಾರಿಗೆ ಅಡ್ಡ ಬರುವ ಕಲ್ಲು ಅಷ್ಟೇ. 1898ರಿಂದ ಅವನ್ನೇ ಲಿಥಿಯಂಗಾಗಿ ತೆಗೆಯಲು ಶುರು ಮಾಡಿದರು, 1960ರವರೆಗೂ ತೆಗೆದರು. ಪಶ್ಚಿಮ ಆಸ್ಟ್ರೇಲಿಯದ ಗ್ರೀನ್‌ಬುಷಸ್‌ನಲ್ಲೂ ಇದೇ ಕತೆ. 1888ರಿಂದ ತವರ, ಆಮೇಲೆ ಟ್ಯಾಂಟಲಂ, ಈಗ ಲಿಥಿಯಂ. ಅಮೆರಿಕದ ಉತ್ತರ ಕ್ಯಾರೊಲಿನಾದ ಸ್ಪ್ರೂಸ್ ಪೈನ್‌ನಲ್ಲಿ ಅಭ್ರಕ, ಫೆಲ್ಡ್‌ಸ್ಪಾರ್ ತೆಗೆದು ಬೆಣಚುಕಲ್ಲನ್ನು ಬಿಸಾಡುತ್ತಿದ್ದರು. ಈಗ ಕಂಪ್ಯೂಟರ್ ಚಿಪ್ಪಿನ ಸಿಲಿಕಾನ್ ಕರಗಿಸುವ ಮೂಸೆಗೆ ಅಲ್ಲಿನ ಶುದ್ಧ ಬೆಣಚೇ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದು ಅಲ್ಲಿ ಕೆಲಸ ನಿಂತಾಗ ಜಗತ್ತಿನ ಚಿಪ್ ಉದ್ಯಮವೇ ಗಾಬರಿಯಾಯಿತು.

ನಮ್ಮ ದೇಶದಲ್ಲಿ ಅಭ್ರಕದ ಕಾಲ ಬಹಳ ಉದ್ದ. 20ನೇ ಶತಮಾನದ ಬಹುಪಾಲು ಜಗತ್ತಿಗೆ ಒಳ್ಳೆಯ ಹಾಳೆ ಅಭ್ರಕ ಹೋದದ್ದು ಇಲ್ಲಿಂದ. ರೇಡಿಯೊ ವಾಲ್ವ್, ಕಂಡೆನ್ಸರ್, ವಿಮಾನದ ಸ್ಪಾರ್ಕ್ ಪ್ಲಗ್ ಎಲ್ಲದಕ್ಕೂ ಅದು ಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಬೇಡಿಕೆ ಏರಿತು. ಅಭ್ರಕದ ಗಣಿಗಳಲ್ಲಿ ಜೊತೆಗೆ ಸಿಗುತ್ತಿದ್ದ ಬೆರಿಲ್‌ಗೆ ಅಣುಶಕ್ತಿಯ ಕಾಲದಲ್ಲಿ ಬೆಲೆ ಬಂತು. 1949ರಲ್ಲಿ ಅಣುಶಕ್ತಿಗೆ ಬೇಕಾದ ಖನಿಜ ಹುಡುಕಲೆಂದೇ ಒಂದು ವಿಭಾಗ ಹುಟ್ಟಿತು. ಇವತ್ತಿನ ಪರಮಾಣು ಖನಿಜ ನಿರ್ದೇಶನಾಲಯದ ಬೇರು ಅದು.

ಆಮೇಲೆ ವಾಲ್ವಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು, ಬದಲಿ ವಸ್ತುಗಳು ಬಂದವು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಿಂದ ಕಾಡಿನ ಗಣಿಗಳಿಗೆ ಬೀಗ ಬಿತ್ತು. ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಕೊಡರ್ಮಾದ ಬಡವರು ಹಳೆ ರಾಶಿಗಳಿಂದ ಅಭ್ರಕದ ಚೂರು ಹೆಕ್ಕಿ ಬದುಕತೊಡಗಿದರು. ಅದಕ್ಕೆ ಅಲ್ಲಿ ಢಿಬ್ರಾ ಅನ್ನುತ್ತಾರೆ. ಪೇಂಟಿಗೂ ಲಿಪ್‌ಸ್ಟಿಕ್ಕಿನ ಮಿನುಗಿಗೂ ಹೋಗುವ ಅಭ್ರಕದ ಪುಡಿಯಲ್ಲಿ ಅದೂ ಸೇರಿದೆ. ಹೆಕ್ಕುವವರಲ್ಲಿ ಮಕ್ಕಳೂ ಇದ್ದಾರೆ, ಕುಸಿದ ಬಿಲಗಳಲ್ಲಿ ಸತ್ತವರೂ ಇದ್ದಾರೆ. ಗಣಿಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು.

ಯಾವುದು ಕಸ, ಯಾವುದು ಬೆಲೆಯ ಕಲ್ಲು ಅನ್ನುವ ಗೊಂದಲ ಕಾನೂನಿಗೂ ಇದೆ. 2015ರ ಫೆಬ್ರವರಿಯಲ್ಲಿ ಅಭ್ರಕ, ಫೆಲ್ಡ್‌ಸ್ಪಾರ್, ಬೆಣಚುಕಲ್ಲನ್ನು ಕೇಂದ್ರ ಸರ್ಕಾರ ಜಲ್ಲಿ, ಹೊಯಿಗೆಯಂಥ ಕಿರುಖನಿಜದ ಪಟ್ಟಿಗೆ ಸೇರಿಸಿತು. ಹತ್ತು ವರ್ಷ ಬಿಟ್ಟು, 2025ರ ಫೆಬ್ರವರಿಯಲ್ಲಿ, ಮತ್ತೆ ಪ್ರಧಾನ ಖನಿಜ ಮಾಡಿತು. ಕೊಟ್ಟ ಕಾರಣ ಸರಿಯಾಗಿಯೇ ಇದೆ. ಪೆಗ್ಮಟೈಟಿನಲ್ಲಿ ಇವುಗಳ ಜೊತೆ ಬೆರಿಲ್, ಲಿಥಿಯಂ, ನಯೋಬಿಯಂ, ಟ್ಯಾಂಟಲಂ ಇರುತ್ತವೆ. ಕಿರುಖನಿಜದ ಗುತ್ತಿಗೆ ಹಿಡಿದವರು ಅವನ್ನು ಹೇಳುವುದೂ ಇಲ್ಲ, ತೆಗೆಯುವುದೂ ಇಲ್ಲ.

ಈಗ ರಾಶಿ. ಗಣಿಯಿಂದ ಕಲ್ಲನ್ನು ತಳ್ಳುಗಾಡಿಯಲ್ಲಿ ತಂದು ಇಳಿಜಾರಿಗೆ ಸುರಿಯುತ್ತಾರೆ, ರಾಶಿ ಮುಂದಕ್ಕೆ ಮುಂದಕ್ಕೆ ಬೆಳೆಯುತ್ತದೆ. ಹಾಗಾಗಿ ಗಣಿ ಬಾಯಿಗೆ ಹತ್ತಿರದ ಕಲ್ಲು ಮೊದಲು ಬಿದ್ದದ್ದು, ತುದಿಯದು ಕೊನೆಯದು. ಪೆಗ್ಮಟೈಟ್ ಒಳಗೊಳಗೆ ವಲಯ ವಲಯವಾಗಿರುತ್ತದೆ. ಹೊರ ಅಂಚಿನಲ್ಲಿ ಸಣ್ಣ ಕಾಳು, ಆಮೇಲೆ ಗೆರೆಗೆರೆಯ ಕಲ್ಲು, ದೊಡ್ಡ ಫೆಲ್ಡ್‌ಸ್ಪಾರ್, ಒಳಗೆ ಅಚ್ಚ ಬೆಣಚಿನ ತಿರುಳು. ದಪ್ಪ ಅಭ್ರಕವೂ ಬೆರಿಲ್ಲೂ ಹೆಚ್ಚಾಗಿ ಆ ತಿರುಳಿನ ಅಂಚಿನವು. ರಾಶಿಯಲ್ಲಿ ಬೆಣಚಿನ ದೊಡ್ಡ ಗುಂಡುಗಳು ಯಾವ ಜಾಗದಿಂದ ಶುರುವಾಗುತ್ತವೆ ನೋಡಿ. ಅಗೆದವರು ತಿರುಳು ಮುಟ್ಟಿದ್ದು ಆಗ.

ಕತ್ತರಿಸಿದ ಅಂಚಿನ ಅಭ್ರಕದ ಸಣ್ಣ ಚೂರುಗಳು ಒಂದೇ ಕಡೆ ಗುಡ್ಡೆಯಾಗಿದ್ದರೆ ಅಲ್ಲಿ ಕೂತು ಕುಡುಗೋಲಿನಲ್ಲಿ ಹಾಳೆ ಸವರುತ್ತಿದ್ದರು. ಫೆಲ್ಡ್‌ಸ್ಪಾರ್ ರಾಶಿಗಟ್ಟಲೆ ಬಿದ್ದಿದ್ದರೆ ಆ ಕಾಲಕ್ಕೆ ಅದನ್ನು ಕೊಳ್ಳುವ ಪಿಂಗಾಣಿ ತಯಾರಕರು ಇರಲಿಲ್ಲ. ಬಂಡೆಯ ಮೇಲೆ ಸಿಡಿಮದ್ದು ತುಂಬಿದ ತೂತಿನ ಅರ್ಧ ಗುರುತು ಉಳಿದಿರುತ್ತದೆ. ಕೈಯಿಂದ ಕೊರೆದದ್ದು ಗಿಡ್ಡ, ತುಸು ಓರೆ. ಯಂತ್ರದಿಂದ ಕೊರೆದದ್ದು ಉದ್ದ, ನೆಟ್ಟಗೆ.

ಐದನೇ ಹೆಜ್ಜೆ: ಹೊರಡುವುದು

ಹತ್ತಿರದಲ್ಲಿ ಸುದ್ದಿಯಾದ ಪೆಗ್ಮಟೈಟ್ ಅಂದರೆ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ. ಅಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು 2021ರಲ್ಲಿ ಸಂಸತ್ತಿಗೆ ತಿಳಿಸಿದ್ದರು. ಅದು ಪ್ರಾಥಮಿಕ ಅಂದಾಜು, ದೊಡ್ಡ ನಿಕ್ಷೇಪವೇನೂ ಅಲ್ಲ. ಸರ್ಕಾರಿ ಸಂಶೋಧನೆ ನಡೆದ ಜಾಗ, ಕಲ್ಲು ಹೆಕ್ಕಲು ಹೋಗಬೇಡಿ. ಅಭ್ರಕದ ಚರಿತ್ರೆ ನೋಡಬೇಕೆಂದರೆ ಗುಡೂರು. ಮಂಗಳೂರಿನಿಂದ ಚೆನ್ನೈಗೆ ರೈಲು, ಅಲ್ಲಿಂದ ಉತ್ತರಕ್ಕೆ ಸುಮಾರು 140 ಕಿಲೋಮೀಟರ್.

ಹಳೆ ಗಣಿ ಅಂದರೆ ಒಡೆಯರಿಲ್ಲದ ಜಾಗ ಅಂತ ಅರ್ಥವಲ್ಲ. ಜಮೀನಿನವರನ್ನು ಕೇಳಿ, ಅರಣ್ಯವಾದರೆ ಅರಣ್ಯ ಇಲಾಖೆಯನ್ನು ಕೇಳಿ. ರಕ್ಷಿತಾರಣ್ಯದಿಂದ ಕಲ್ಲು ತರುವುದು ಅಪರಾಧ. ಸುರಂಗದೊಳಗೆ ಕಾಲಿಡಬೇಡಿ, ಚಾವಣಿಗೆ ಕೊಟ್ಟ ಮರದ ಆಸರೆಗಳು ಕೊಳೆತಿರುತ್ತವೆ, ಒಳಗೆ ಗಾಳಿ ಕೆಟ್ಟಿರುತ್ತದೆ. ನೀರು ತುಂಬಿದ ಗುಂಡಿಯ ಅಂಚು ಒಳಗೆ ಕೊರೆದುಹೋಗಿರುತ್ತದೆ. ಕೆಂಪುಕಲ್ಲಿನ ಕೋರೆಗಳಲ್ಲಿ ಮುಳುಗಿ ಸತ್ತವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಬೆಣಚು ಒಡೆಯುವಾಗ ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ, ಅದರ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ರಾಶಿಯ ಸಂದಿಯಲ್ಲಿ ಹಾವು ಇರುತ್ತದೆ, ಕಲ್ಲನ್ನು ಕೋಲಿನಿಂದ ಮಗುಚಿ.

ಕಡೆಗೆ, ಚೀಟಿ

ಒಪ್ಪಿಗೆ ಸಿಕ್ಕಿ ನಾಲ್ಕು ಕಲ್ಲು ತಂದಿರಿ ಅನ್ನಿ. ಅಲ್ಲೇ, ಆಗಲೇ ಚೀಟಿ ಬರೆಯಿರಿ. ಊರು, ಗಣಿ, ರಾಶಿಯ ಯಾವ ಕಡೆ, ತಾರೀಕು, ಪಕ್ಕದಲ್ಲಿ ಏನಿತ್ತು. ಮನೆಗೆ ಬಂದ ಮೇಲೆ ಬರೆಯೋಣ ಅಂದರೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತದೆ. ಚೀಟಿ ಇಲ್ಲದ ಕಲ್ಲು ಹೂಕುಂಡದ ಅಲಂಕಾರಕ್ಕೆ ಮಾತ್ರ ಸೈ. ಬ್ರಷ್ ಹಾಕಿ ನೀರಲ್ಲಿ ತೊಳೆಯಿರಿ, ಆಸಿಡ್ ಬೇಡ. ಅಭ್ರಕವನ್ನು ತೊಳೆಯಲೂ ಬೇಡಿ, ಪದರದ ನಡುವೆ ನೀರು ನಿಂತು ಏಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಕಾಗದದ ಚೀಟಿಗೆ ಬೂಸ್ಟು ಹಿಡಿಯುತ್ತದೆ. ಪೆನ್ಸಿಲಿನಲ್ಲಿ ಬರೆದು ಜಿಪ್ ಕವರಿಗೆ ಹಾಕಿ, ಕಲ್ಲಿನ ಮೇಲೂ ಒಂದು ನಂಬರು ಬರೆಯಿರಿ.

ತಕ್ಕಡಿ, ಟೈಲ್, ಚೂರಿ ಮೂರೂ ಬೇರೆ ಬೇರೆ ಉತ್ತರ ಕೊಟ್ಟರೆ ಊಹೆ ಮಾಡುತ್ತಾ ಕೂರಬೇಡಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗ ಇದೆ, ಸುರತ್ಕಲ್ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗ ಇದೆ. ಮೊದಲೇ ಕೇಳಿ, ಸಮಯ ಗೊತ್ತು ಮಾಡಿಕೊಂಡು, ಒಂದು ಕಲ್ಲು ಮತ್ತು ಅದರ ಚೀಟಿ ಹಿಡಿದು ಹೋಗಿ. ಇಡೀ ಗೋಣಿ ಹೊತ್ತುಕೊಂಡು ಹೋಗಬೇಡಿ.